ಕಂಚಿನ ಗೊಂಬೆಗಳು ನಗಬಾರದಾ?

"ಇದು ಶಿಲ್ಪಾನಾ ಮಾರಾಯ್ರೆ? ಮಕ್ಕಳಾಟದ ಗೊಂಬೆ ಇದ್ದ ಹಾಗಿದೆಯಲ್ಲ!"

ನ್ಯೂಯಾರ್ಕಿನ ಸಬ್‌ವೇ ಸ್ಟೇಷನ್ ಒಂದರಲ್ಲಿ ನಾನು ತೆಗೆದಿದ್ದ ಫೋಟೋಗಳನ್ನು ನೋಡಿ ಬ್ಲಾಗಿಗ ಮಿತ್ರರೊಬ್ಬರು ಹೀಗಂದರು. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ, ಕಲೆಯ ವಿಷಯದಲ್ಲಿ ನನಗಿಂತ ಹೆಚ್ಚು ಓದಿಕೊಂಡವರು. ಆದರೆ ಈ ಮಾತನ್ನು ಮಾತ್ರ ಸುಮ್ಮನೆ ಬಿಡೋಕೆ ಮನಸ್ಸಾಗ್ತಿಲ್ಲ. ಯಾಕಂದ್ರೆ ಇದು ಅವರೊಬ್ಬರ ಮಾತಲ್ಲ, ನಮ್ಮಲ್ಲಿ ಬಹುತೇಕರ ಮಾತು. ಕಂಚು ಅಂದ ಕೂಡಲೇ ನಮ್ಮ ತಲೆಯಲ್ಲಿ ಒಂದು ಚಿತ್ರ ಎದ್ದು ನಿಲ್ಲುತ್ತೆ. ಆಳೆತ್ತರದ ಪೀಠ, ಅದರ ಮೇಲೆ ಕುದುರೆ ಏರಿದವರೋ ಪುಸ್ತಕ ಹಿಡಿದವರೋ ಒಬ್ಬರು ಮಹಾನುಭಾವರು, ಸುತ್ತ ಕಬ್ಬಿಣದ ಬೇಲಿ. ವರ್ಷಕ್ಕೊಂದು ದಿನ ಹಾರ, ಉಳಿದ 364 ದಿನ ಕಾಗೆ. ಕಂಚಿನವರು ನಗಬಾರದು, ನಮ್ಮನ್ನೂ ನಗಿಸಬಾರದು ಅನ್ನೋದು ಎಲ್ಲೂ ಬರೆಯದ ಕಾನೂನು.

ನನ್ನ ತಕರಾರು ಇರೋದೇ ಈ ಕಾನೂನಿನ ಮೇಲೆ.

ಮೊದಲು ಆ ಗೊಂಬೆಗಳ ಕಥೆ ಹೇಳಿಬಿಡ್ತೀನಿ. ಮ್ಯಾನ್‌ಹಟನ್ನಿನ 14ನೇ ಬೀದಿ ಮತ್ತು 8ನೇ ಅವೆನ್ಯೂ ಸೇರುವಲ್ಲಿ ಒಂದು ಸ್ಟೇಷನ್ ಇದೆ. ಎ, ಸಿ, ಇ ರೈಲುಗಳಿಂದ ಇಳಿದು ಎಲ್ ರೈಲಿಗೆ ಬದಲಾಯಿಸುವವರೆಲ್ಲ ಅಲ್ಲಿ ಓಡಾಡಲೇಬೇಕು. ನಾನೂ ಕೆಲವು ಕಾಲ ದಿನಾ ಓಡಾಡಿದವನೇ. ಅಲ್ಲಿ ಟಾಮ್ ಆಟರ್‌ನೆಸ್ ಎಂಬ ಶಿಲ್ಪಿ ಮಾಡಿದ ನೂರಕ್ಕೂ ಹೆಚ್ಚು ಪುಟ್ಟ ಕಂಚಿನ ಮೂರ್ತಿಗಳು ಮೂಲೆಮೂಲೆಯಲ್ಲಿ ಕೂತಿವೆ. 'ಲೈಫ್ ಅಂಡರ್‌ಗ್ರೌಂಡ್' ಅಂತ ಹೆಸರು, 2001ರ ಕೃತಿ ಅಂತ ಲೆಕ್ಕ. ಒಂದಕ್ಕೂ ಪೀಠ ಇಲ್ಲ, ಬೇಲಿ ಇಲ್ಲ. ಮೆಟ್ಟಿಲಿನ ಕೆಳಗೆ, ಬೆಂಚಿನ ತುದಿಯಲ್ಲಿ, ತೊಲೆಯ ಮೇಲೆ, ಕಂಬದ ಬುಡದಲ್ಲಿ ಇವೆ. ಹೆಚ್ಚಿನವು ಮೊಣಕಾಲೆತ್ತರಕ್ಕೂ ಬರಲ್ಲ. ಉರುಟು ತಲೆ, ಉರುಟು ಹೊಟ್ಟೆ, ಪುಟ್ಟ ಟೋಪಿ. ಇಬ್ಬರು ದೊಡ್ಡ ಗರಗಸ ಹಿಡಿದು ಸ್ಟೇಷನ್ನಿನ ಉಕ್ಕಿನ ಕಂಬವನ್ನೇ ಕೊಯ್ಯಲು ಹೊರಟಿದ್ದಾರೆ. ಒಂದು ಆಕೃತಿ ಟಿಕೆಟ್ಟಿಲ್ಲದೆ ಗೇಟಿನ ಕೆಳಗೆ ನುಸುಳ್ತಾ ಇದೆ. ಮಲಗಿರುವ ನಿರ್ಗತಿಕ ಹೆಂಗಸಿನ ಹತ್ತಿರ ಪೊಲೀಸರು ಬಂದಿದ್ದಾರೆ. ನೆಲದ ಮ್ಯಾನ್‌ಹೋಲ್ ಮುಚ್ಚಳ ಎತ್ತಿಕೊಂಡು ಒಂದು ಮೊಸಳೆ ಮೇಲೆ ಬಂದು, ತಲೆಯ ಜಾಗದಲ್ಲಿ ಹಣದ ಚೀಲ ಇರುವ ಒಬ್ಬನನ್ನು ಕಚ್ಚಿ ಹಿಡಿದಿದೆ!

(ನ್ಯೂಯಾರ್ಕಿನ ಚರಂಡಿಯಲ್ಲಿ ಮೊಸಳೆ ಇದೆ ಅನ್ನೋದು ಅಲ್ಲಿಯ ಅಜ್ಜಿಕಥೆ. 1935ರಲ್ಲಿ ಹಾರ್ಲೆಮ್ಮಿನ ಹುಡುಗರು ಹಿಮ ಗೋರಿ ಮ್ಯಾನ್‌ಹೋಲಿಗೆ ಸುರಿಯುವಾಗ ನಿಜಕ್ಕೂ ಒಂದು ಮೊಸಳೆ ಸಿಕ್ಕಿತು ಅಂತ ಪೇಪರಿನಲ್ಲಿ ಬಂದಿತ್ತು. ಕಥೆ ಅಲ್ಲಿಂದ ಬೆಳೆದಿದೆ.)

ಇಷ್ಟಕ್ಕೆ ಸಾರಿಗೆ ಸಂಸ್ಥೆ ಕೊಟ್ಟಿದ್ದು 2 ಲಕ್ಷ ಡಾಲರ್. ಆಟರ್‌ನೆಸ್‌ಗೆ ಎಷ್ಟು ಹುಚ್ಚು ಹಿಡೀತು ಅಂದ್ರೆ ಒಪ್ಪಿಕೊಂಡಿದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು ಮಾಡಿಕೊಟ್ಟ. ಕೊನೆಗೆ ಹೆಂಡತಿಯೇ "ಸಾಕು, ನಿಲ್ಲಿಸು" ಅನ್ನಬೇಕಾಯ್ತಂತೆ. ಟೆಂಡರಿನಲ್ಲಿ ಕಾಂಟ್ರಾಕ್ಟರ್ ಒಬ್ಬ ಹೇಳಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ ಉದಾಹರಣೆ ನಿಮಗೆ ಬೇರೆ ಗೊತ್ತಿದ್ರೆ ದಯವಿಟ್ಟು ತಿಳಿಸಿ :-)

ಈಗ "ಗೊಂಬೆ" ಅನ್ನೋ ಆರೋಪಕ್ಕೆ ಬರೋಣ. ಹೌದು ಸ್ವಾಮಿ, ಗೊಂಬೆಗಳೇ. ಅದೇ ಅವುಗಳ ಶಕ್ತಿ. 108 ಅಡಿಯ ಪ್ರತಿಮೆ ನಿಮ್ಮ ಕುತ್ತಿಗೆಯನ್ನು ಮೇಲೆತ್ತಿಸುತ್ತೆ. ಒಂದು ಅಡಿಯ ಪ್ರತಿಮೆ ನಿಮ್ಮನ್ನು ಬಗ್ಗಿಸುತ್ತೆ. ಮೊದಲನೆಯದು ನೀನು ಚಿಕ್ಕವನು ಅನ್ನುತ್ತೆ, ಎರಡನೆಯದು "ಬಾ ಇಲ್ಲಿ, ಒಂದು ಗುಟ್ಟು ಹೇಳ್ತೀನಿ" ಅನ್ನುತ್ತೆ. ಬೆಂಗಳೂರು ವಿಮಾನ ನಿಲ್ದಾಣದ ಎದುರು 2022ರ ನವೆಂಬರಿನಲ್ಲಿ ಅನಾವರಣಗೊಂಡ ಕೆಂಪೇಗೌಡರ ಪ್ರತಿಮೆ 108 ಅಡಿ. ರಾಮ್ ಸುತಾರ್ ಅವರ ಕೆಲಸ, 98 ಟನ್ ಕಂಚು. ಕೆಂಪೇಗೌಡರ ಮೇಲೆ ನನಗೆ ತಕರಾರಿಲ್ಲ, ಊರು ಕಟ್ಟಿದವರು ಊರ ಬಾಗಿಲಲ್ಲಿ ನಿಲ್ಲಲಿ. ಆದರೆ ಆ 98 ಟನ್ನಿನ ಜೊತೆಗೆ ಒಂದು 100 ಕೆಜಿ ಕಂಚಿನಲ್ಲಿ, ಆಗ ಕೆರೆ ಅಗೆದ ಒಬ್ಬ ಒಡ್ಡ, ಅವನ ಬುಟ್ಟಿ, ಬುಟ್ಟಿ ಪಕ್ಕ ತೂಕಡಿಸುವ ಅವನ ಮಗು, ಇಷ್ಟನ್ನು ಉದ್ಯಾನದ ಮೂಲೆಯಲ್ಲಿ ಕೂರಿಸೋಣ ಅಂತ ಯಾರಿಗಾದರೂ ಅನ್ನಿಸುತ್ತಾ? ನಮ್ಮಲ್ಲಿ ಪ್ರತಿಮೆ ಅಂದ್ರೆ ಒಂದು ಜನಾಂಗದ, ಒಂದು ಭಾಷೆಯ, ಒಂದು ಪಕ್ಷದ ಮಾನ. ಅದಕ್ಕೇ ಅಲ್ವಾ, ಹಲಸೂರು ಕೆರೆ ಹತ್ತಿರ 1991ರಲ್ಲಿ ನಿಲ್ಲಿಸಿದ ತಿರುವಳ್ಳುವರ್ 2009ರ ಆಗಸ್ಟ್‌ವರೆಗೆ 18 ವರ್ಷ ಮುಸುಕು ಹಾಕಿಕೊಂಡೇ ಇರಬೇಕಾಯ್ತು, ಚೆನ್ನೈನಲ್ಲಿ ನಮ್ಮ ಸರ್ವಜ್ಞನಿಗೆ ಜಾಗ ಸಿಗೋವರೆಗೂ! ಇಬ್ಬರೂ ಕವಿಗಳು, ಅದರಲ್ಲೂ ಸರ್ವಜ್ಞ ಊರೂರು ತಿರುಗಿ ದೊಡ್ಡವರನ್ನು ಲೇವಡಿ ಮಾಡಿದವನು. ಅವನನ್ನೂ ನಾವು ಗಡಿ ಕಾಯುವ ಸಿಪಾಯಿ ಮಾಡಿಬಿಟ್ಟೆವು.

ನೆಲದ ಮೇಲೆ ಕೂತ, ಮುಟ್ಟಬಹುದಾದ ಪ್ರತಿಮೆಗೆ ಈ ಭಯ ಇಲ್ಲ. ಕಂಚಿನ ಗುಣವೇ ಹಾಗೆ. ಮೇಣದಲ್ಲಿ ಮೂರ್ತಿ ಮಾಡಿ, ಅದರ ಮೇಲೆ ಅಚ್ಚು ಕಟ್ಟಿ, ಕಾಸಿ ಮೇಣ ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಸುಮಾರು 1100 ಡಿಗ್ರಿ ಶಾಖದಲ್ಲಿ ಕರಗಿದ ಲೋಹ ಹುಯ್ಯೋದು. ಈ ವಿಧಾನ ನ್ಯೂಯಾರ್ಕಿನವರು ಕಂಡುಹಿಡಿದಿದ್ದಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ವಿವರವಾಗಿ ಬರೆಸಿಟ್ಟಿದ್ದಾನೆ. ಹೀಗೆ ಹುಟ್ಟಿದ ಮೂರ್ತಿಗೆ ಕಂದು ಬಣ್ಣದ ಒಂದು ಪದರ ಕೊಡ್ತಾರೆ. ಜನ ಮುಟ್ಟಿ ಮುಟ್ಟಿ ಆ ಪದರ ಸವೆದು ಒಳಗಿನ ಹೊನ್ನಿನ ಬಣ್ಣ ಹೊಳೆಯೋಕೆ ಶುರುವಾಗುತ್ತೆ. ಮೂಗು, ಬೋಳುತಲೆ, ಹೊಟ್ಟೆ ಫಳಫಳ ಹೊಳೀತಿದ್ರೆ ಜನ ಅದನ್ನು ಒಪ್ಪಿಕೊಂಡಿದ್ದಾರೆ ಅಂತ ಅರ್ಥ. ಯಾವ ವಿಮರ್ಶಕನೂ ಬರೆಯೋಕಾಗದ ವಿಮರ್ಶೆ ಅದು.

ಇನ್ನು "ಕಾರ್ಟೂನಿನ ಹಾಗಿದೆ" ಅನ್ನೋದು ಎರಡನೇ ಬೈಗುಳ. ಅದು ಬೈಗುಳವೇ ಅಲ್ಲ, ವಂಶಾವಳಿ! ಆ ಹಣದ ಚೀಲದ ತಲೆ ಆಟರ್‌ನೆಸ್‌ನ ಸ್ವಂತ ಕಲ್ಪನೆಯಲ್ಲ. 1871ರಲ್ಲಿ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ 'ಹಾರ್ಪರ್ಸ್ ವೀಕ್ಲಿ'ಯಲ್ಲಿ ನ್ಯೂಯಾರ್ಕನ್ನು ನುಂಗಿ ನೀರು ಕುಡೀತಿದ್ದ ಬಾಸ್ ಟ್ವೀಡ್ ಎಂಬ ರಾಜಕಾರಣಿಯನ್ನು ಹಾಗೆ ಬರೆದಿದ್ದ. ಸೂಟು ಹಾಕಿದ ಡೊಳ್ಳು ದೇಹ, ಮುಖ ಇರಬೇಕಾದಲ್ಲಿ ಡಾಲರ್ ಚಿಹ್ನೆಯ ಚೀಲ. ಪತ್ರಿಕೆಯವರು ಏನು ಬೇಕಾದ್ರೂ ಬರೀಲಿ, ನನ್ನ ಮತದಾರರಿಗೆ ಓದೋಕೆ ಬರಲ್ಲ, ಆದರೆ ಈ ಹಾಳು ಚಿತ್ರಗಳನ್ನು ನೋಡದೆ ಬಿಡಲ್ವಲ್ಲ ಅಂತ ಟ್ವೀಡ್ ಗೋಳಾಡಿದನಂತೆ. ಕೊನೆಗೆ ಅವನು ಜೈಲಿನಲ್ಲೇ 1878ರಲ್ಲಿ ಸತ್ತ. ಅದಕ್ಕೆ ಮೊದಲು ಸ್ಪೇನಿಗೆ ಓಡಿಹೋಗಿದ್ದಾಗ ನಾಸ್ಟನ ಚಿತ್ರ ನೋಡಿಯೇ ಅಲ್ಲಿನವರು ಗುರುತು ಹಿಡಿದರು ಅಂತ ಹೇಳ್ತಾರೆ. ಓದು ಬಾರದವರಿಗಾಗಿ ಬರೆದ ಚಿತ್ರ 130 ವರ್ಷ ಆದ ಮೇಲೆ ಕಂಚಾಗಿ, ಓದೋಕೆ ಪುರುಸೊತ್ತಿಲ್ಲದೆ ಓಡುವವರ ಕಾಲ ಬುಡದಲ್ಲಿ ಬಂದು ಕೂತಿದೆ. ಇದಕ್ಕಿಂತ ಘನವಾದ ಪರಂಪರೆ ಬೇಕಾ?

ನಮಗಂತೂ ಈ ಮಾತು ಬೇಗ ಅರ್ಥವಾಗಬೇಕು. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ರಾ.ಶಿ.ಯವರ 'ಕೊರವಂಜಿ'ಗೆ ಚಿತ್ರ ಬರೆದುಕೊಟ್ಟ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ ಇದ್ದಾನಲ್ಲ, ಚೌಕುಳಿ ಕೋಟು, ಪಂಚೆ, ಕನ್ನಡಕ, ಬಾಯಿ ಬಿಡದ ಮುಖ. ಅವನೂ ಕಂಚಾದ. 2001ರಲ್ಲಿ ಪುಣೆಯ ಸಿಂಬಯಾಸಿಸ್ ಆವರಣದಲ್ಲಿ ಆಗಿನ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವನ ಪ್ರತಿಮೆ ಅನಾವರಣ ಮಾಡಿದರು. ಮುಂಬಯಿಯ ವರ್ಲಿ ಕಡಲದಂಡೆಯಲ್ಲೂ ಅವನು ನಿಂತಿದ್ದಾನೆ. ಒಬ್ಬ ರಾಷ್ಟ್ರಪತಿ ಬಂದು ಹೆಸರೇ ಇಲ್ಲದ ಒಬ್ಬ ಮುದುಕನ ಪ್ರತಿಮೆಯ ಪರದೆ ಸರಿಸೋದು ಎಂಥ ಚೆಂದದ ದೃಶ್ಯ! ಅಲ್ಲಿ ಯಾರೂ "ಇದು ಶಿಲ್ಪಾನಾ?" ಅಂತ ಕೇಳಿದ ಹಾಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ರೆ ಇದು ಬರೀ ಹೊಗಳಿಕೆ ಆಗುತ್ತೆ. ನನಗೂ ಈ ನಗುವ ಕಂಚಿನ ಮೇಲೆ ಸಿಟ್ಟಿದೆ, ಆದರೆ ಮಿತ್ರರ ಕಾರಣಕ್ಕಲ್ಲ. ನಗು ಯಾವಾಗ ಯಾರ ಜೇಬಿಗೆ ಹೋಗುತ್ತೆ ಅನ್ನೋ ಕಾರಣಕ್ಕೆ.

'ಫಿಯರ್‌ಲೆಸ್ ಗರ್ಲ್' ಗೊತ್ತಲ್ಲ? ಸೊಂಟದ ಮೇಲೆ ಕೈಯಿಟ್ಟು, ಗದ್ದ ಎತ್ತಿ ನಿಂತ ಪುಟ್ಟ ಹುಡುಗಿ. 2017ರ ಮಾರ್ಚ್ 7ರಂದು, ಮಹಿಳಾ ದಿನದ ಹಿಂದಿನ ದಿನ, ವಾಲ್ ಸ್ಟ್ರೀಟ್ ಬಳಿಯ ಗೂಳಿಯ ಎದುರು ಪ್ರತ್ಯಕ್ಷಳಾದಳು. ಶಿಲ್ಪಿ ಕ್ರಿಸ್ಟನ್ ವಿಸ್ಬಾಲ್. ಅವಳ ಜೊತೆ ಫೋಟೋ ತೆಗೆಸಿಕೊಂಡು "ಹೆಣ್ಣಿನ ಧೈರ್ಯ" ಅಂತ ಬರೆಯದವರೇ ಇರಲಿಲ್ಲ. ಆದರೆ ಅವಳನ್ನು ಮಾಡಿಸಿದ್ದು ಸ್ಟೇಟ್ ಸ್ಟ್ರೀಟ್ ಎಂಬ ಹಣಕಾಸು ಕಂಪನಿ, ಹಿಂದೆ ನಿಂತಿದ್ದು ಮೆಕ್ಯಾನ್ ಎಂಬ ಜಾಹೀರಾತು ಏಜೆನ್ಸಿ. ಕಾಲ ಬಳಿಯ ಫಲಕದಲ್ಲಿ ಇಂಗ್ಲಿಷಿನ 'ಶೀ' ಅನ್ನೋ ಪದವನ್ನು ದೊಡ್ಡಕ್ಷರದಲ್ಲಿ ಕೆತ್ತಿದ್ದರು. ಅದು 'ಅವಳು' ಮಾತ್ರ ಅಲ್ಲ, ಆ ಕಂಪನಿ ಮಾರುತ್ತಿದ್ದ ಒಂದು ಫಂಡಿನ ಷೇರುಪೇಟೆ ಸಂಕೇತವೂ ಹೌದು! ಅದೇ ವರ್ಷ ಅಕ್ಟೋಬರಿನಲ್ಲಿ, ಮಹಿಳಾ ಮತ್ತು ಕಪ್ಪು ಅಧಿಕಾರಿಗಳಿಗೆ ಕಡಿಮೆ ಸಂಬಳ ಕೊಟ್ಟಿದ್ದೀರಿ ಅಂತ ಅಮೆರಿಕದ ಕಾರ್ಮಿಕ ಇಲಾಖೆ ಎತ್ತಿದ ಆರೋಪವನ್ನು ಇತ್ಯರ್ಥ ಮಾಡಿಕೊಳ್ಳೋಕೆ ಇದೇ ಕಂಪನಿ 50 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಆರೋಪವನ್ನು ಒಪ್ಪಲಿಲ್ಲ, ದುಡ್ಡು ಮಾತ್ರ ಕಟ್ಟಿತು.

ಅವಳ ಎದುರಿಗಿದ್ದ ಗೂಳಿಯ ಕಥೆ ನೋಡಿ. ಆರ್ಟುರೊ ಡಿ ಮೋಡಿಕಾ ಎಂಬ ಸಿಸಿಲಿಯವನು ತನ್ನ ಸ್ವಂತದ್ದೇ ಸುಮಾರು 3 ಲಕ್ಷ 60 ಸಾವಿರ ಡಾಲರ್ ಸುರಿದು, ಮೂರು ಟನ್ನಿಗೂ ಹೆಚ್ಚು ತೂಕದ ಗೂಳಿ ಮಾಡಿ, 1989ರ ಡಿಸೆಂಬರಿನ ಒಂದು ರಾತ್ರಿ ಯಾರ ಅನುಮತಿಯೂ ಇಲ್ಲದೆ ಷೇರುಪೇಟೆಯ ಎದುರು ಇಳಿಸಿ ಹೋಗಿದ್ದ. ಅವತ್ತೇ ಎತ್ತಿಸಿದರು, ಜನ ಗಲಾಟೆ ಮಾಡಿದ ಮೇಲೆ ಬೌಲಿಂಗ್ ಗ್ರೀನ್ ಹತ್ತಿರ ಜಾಗ ಕೊಟ್ಟರು. ಹುಡುಗಿ ಬಂದಾಗ ಅವನು "ನನ್ನ ಗೂಳಿಯ ಅರ್ಥವನ್ನೇ ಕೆಡಿಸಿದ್ದೀರಿ" ಅಂತ ದೂರಿದ. ಎಲ್ಲರೂ ಅವನನ್ನು ಹೆಣ್ಣುದ್ವೇಷಿ ಮುದುಕ ಅನ್ನೋ ಹಾಗೆ ನೋಡಿದರು. ನನಗೆ ಅವನ ಮಾತಿನಲ್ಲಿ ನ್ಯಾಯ ಕಂಡಿತು. ಬೀದಿಗೆ ಉಡುಗೊರೆ ಕೊಟ್ಟವನ ಗೂಳಿ ಖಳನಾಯಕ, ಫಂಡ್ ಮಾರುವವರ ಹುಡುಗಿ ನಾಯಕಿ! 2018ರ ಡಿಸೆಂಬರಿನಲ್ಲಿ ಅವಳನ್ನು ಷೇರುಪೇಟೆಯ ಎದುರಿಗೆ ಕರೆದೊಯ್ದರು. ಮರು ವರ್ಷ, ಶಿಲ್ಪಿ ಅವಳ ಪ್ರತಿಗಳನ್ನು ಮಾರಿದಳು ಅಂತ ಕಂಪನಿ ಶಿಲ್ಪಿಯ ಮೇಲೆಯೇ ಕೇಸು ಹಾಕಿತು. ನಿರ್ಭೀತ ಹುಡುಗಿಗೂ ಒಡೆಯರಿದ್ದಾರೆ ಅಂತ ಆಗ ಕೆಲವರಿಗಾದರೂ ತಿಳೀತು.

ಹಾಗಾದ್ರೆ ಆಟರ್‌ನೆಸ್ ಪರಿಶುದ್ಧನಾ? ಎಲ್ಲಿಂದ ಬಂತು! ಹಣದ ಚೀಲವನ್ನು ಅಣಕಿಸುವ ಅವನ ಗೊಂಬೆಗಳು 1992ರಿಂದ ಬ್ಯಾಟರಿ ಪಾರ್ಕ್ ಸಿಟಿಯ ಉದ್ಯಾನದಲ್ಲೂ ಇವೆ, ವಾಲ್ ಸ್ಟ್ರೀಟಿನಿಂದ ನಡೆದು ಹೋಗುವಷ್ಟು ಹತ್ತಿರ. ಬ್ಯಾಂಕಿನವರ ಮಕ್ಕಳು ಅವುಗಳ ಮೇಲೆ ಹತ್ತಿ ಆಡ್ತಾರೆ. ಹಣದ ಚೀಲಗಳಿಗೆ ತಮ್ಮದೇ ಅಣಕ ಬಲು ಇಷ್ಟ, ಎಲ್ಲಿಯವರೆಗೆ ಅದು ಗುಂಡಗಿದ್ದು ಮುದ್ದಾಗಿರುತ್ತೋ ಅಲ್ಲಿಯವರೆಗೆ. ಇದನ್ನು ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ.

ಇದಕ್ಕಿಂತ ಕೆಟ್ಟದ್ದೂ ಇದೆ. 1977ರಲ್ಲಿ, 25ರ ವಯಸ್ಸಿನಲ್ಲಿ, ಈ ಮನುಷ್ಯ ಅನಾಥ ಪ್ರಾಣಿಗಳ ಆಶ್ರಯದಿಂದ ಒಂದು ನಾಯಿಯನ್ನು ತಂದು, ಕಟ್ಟಿಹಾಕಿ, ಗುಂಡಿಟ್ಟು ಕೊಂದು, ಅದನ್ನು ಚಿತ್ರೀಕರಿಸಿ ಕಲೆ ಅಂತ ತೋರಿಸಿದ್ದ. 2008ರಲ್ಲಿ ಕ್ಷಮೆ ಕೇಳಿದ. ಕ್ಷಮಿಸೋ ಹಕ್ಕು ಇದ್ದದ್ದು ನಾಯಿಗೆ, ಅದು ಇಲ್ಲ. 2011ರಲ್ಲಿ ಈ ವಿಷಯ ಮತ್ತೆ ಎದ್ದು, ಸ್ಯಾನ್ ಫ್ರಾನ್ಸಿಸ್ಕೊ ನಗರ ತನ್ನ ಹೊಸ ಸಬ್‌ವೇಗಾಗಿ ಅವನಿಗೆ ಕೊಟ್ಟಿದ್ದ ಏಳೂವರೆ ಲಕ್ಷ ಡಾಲರಿನ ಗುತ್ತಿಗೆಯನ್ನು ರದ್ದು ಮಾಡಿತು. ಸರಿಯಾಗೇ ಮಾಡಿತು ಅಂತೀನಿ. ಸಾರ್ವಜನಿಕರ ದುಡ್ಡು ಯಾರ ಕೈಗೆ ಹೋಗಬೇಕು ಅಂತ ಕೇಳುವ ಹಕ್ಕು ಸಾರ್ವಜನಿಕರಿಗಿದೆ. ಆದರೆ 14ನೇ ಬೀದಿಯ ಗೊಂಬೆಗಳನ್ನೂ ಕಿತ್ತುಹಾಕಿ ಅನ್ನೋರ ಜೊತೆ ನಾನಿಲ್ಲ. ಅವು ಈಗ ಅವನವಲ್ಲ, ದಿನಾ ಅವುಗಳ ಮೂಗು ತಿಕ್ಕಿ ಹೋಗುವವರವು. ಆ ಕಥೆ ಗೊತ್ತಾದ ಮೇಲೆ ಮೂಗು ತಿಕ್ಕೋಕೆ ನನಗೇ ಒಂಥರಾ ಆಗಿದ್ದು ನಿಜ. ಹಾಗೆ ಆಗಲೇಬೇಕು ಕೂಡ.

ನನ್ನನ್ನು ಎಲ್ಲಕ್ಕಿಂತ ಕಾಡೋದು ಆ ಮಲಗಿರುವ ಕಂಚಿನ ಹೆಂಗಸು. 2020ರ ಮೇ 6ರಿಂದ ಕೊರೊನಾ ಕಾಲದ ಸ್ವಚ್ಛತೆ ಅಂತ ನ್ಯೂಯಾರ್ಕಿನ ಸಬ್‌ವೇಯನ್ನು ರಾತ್ರಿ 1ರಿಂದ ಬೆಳಗಿನ 5ರವರೆಗೆ ಮುಚ್ಚಿದರು. ಇಪ್ಪತ್ನಾಲ್ಕು ಗಂಟೆ ಓಡುವ ರೈಲು ಅನ್ನೋದೇ ಆ ಊರಿನ ಹೆಮ್ಮೆ, ಅದು 2021ರ ಮೇ ತಿಂಗಳವರೆಗೆ ನಿಂತಿತು. ಒಳಗೆ ಮಲಗುತ್ತಿದ್ದ ನಿಜವಾದ ನಿರ್ಗತಿಕರನ್ನು ಪ್ರತಿ ರಾತ್ರಿ ಎಬ್ಬಿಸಿ ಹೊರಗೆ ಕಳಿಸಿದರು. ಕಂಚಿನವಳು ಮಾತ್ರ ಅಲ್ಲೇ ಮಲಗಿದ್ದಳು, ಅವಳಿಗೆ ಅನುಮತಿ ಇತ್ತು! 2021ರ ಫೆಬ್ರವರಿಯಲ್ಲಿ, ನಿರ್ಗತಿಕರು ಮಲಗಬಾರದು ಅಂತಲೇ ಸ್ಟೇಷನ್ನುಗಳಿಂದ ಬೆಂಚು ತೆಗೆದಿದ್ದೇವೆ ಅಂತ ಸಬ್‌ವೇಯವರ ಅಧಿಕೃತ ಟ್ವಿಟರ್ ಖಾತೆಯಿಂದಲೇ ಒಂದು ಉತ್ತರ ಹೋಯ್ತು. ಗಲಾಟೆಯಾದ ಮೇಲೆ ಅದನ್ನು ಅಳಿಸಿ, ತಪ್ಪಾಗಿ ಹಾಕಿದ್ದು ಅಂದರು. ಇದೇ ಜಾತಿಯ ಇನ್ನೊಂದು ಕಥೆ: ಟಿಮೊಥಿ ಶ್ಮಾಲ್ಟ್ಸ್ ಎಂಬ ಕೆನಡಾದ ಶಿಲ್ಪಿ ಬೆಂಚಿನ ಮೇಲೆ ಕಂಬಳಿ ಹೊದ್ದು ಮಲಗಿದ ಏಸುವನ್ನು ಕಂಚಿನಲ್ಲಿ ಮಾಡಿದ. ಕಾಲಿನ ಗಾಯ ನೋಡಿದ್ರೆ ಮಾತ್ರ ಯಾರು ಅಂತ ಗೊತ್ತಾಗೋದು. 2014ರಲ್ಲಿ ನಾರ್ತ್ ಕ್ಯಾರೊಲಿನಾದ ಡೇವಿಡ್‌ಸನ್ ಊರಿನ ಚರ್ಚಿನೆದುರು ಅದನ್ನಿಟ್ಟಾಗ, ಯಾರೋ ಭಿಕಾರಿ ಮಲಗಿದ್ದಾನೆ ಅಂತ ಒಬ್ಬರು ಪೊಲೀಸರಿಗೇ ಫೋನ್ ಮಾಡಿದರು.

ಈ ಶಿಲ್ಪಗಳಿಗೆ ಸಾಮಾಜಿಕ ಅರ್ಥ ಇದೆ ಅನ್ನೋದು ಇಂಥ ಕಡೆ. ಅವು ನಮಗೆ ನೀತಿ ಬೋಧಿಸಲ್ಲ, ನಮ್ಮನ್ನು ಸಿಕ್ಕಿಹಾಕಿಸುತ್ತವೆ. ಕಂಚಿನ ಬಡವಿಯ ಪಕ್ಕ ಫೋಟೋ ತೆಗೆಸಿಕೊಂಡು, ಹತ್ತು ಹೆಜ್ಜೆ ಆಚೆ ಮಲಗಿದ ಮಾಂಸದ ಬಡವಿಯನ್ನು ಬಳಸಿ ನಡೆದಿದ್ದು ಯಾರು? ಟ್ವೀಡ್ ಅಲ್ಲ. ಸೂಟು ಹಾಕಿದ ಪೀಠದ ಮೇಲಿನ ಪ್ರತಿಮೆ ಇಂಥ ಪ್ರಶ್ನೆ ಕೇಳಿದ್ದು ನಾನಂತೂ ನೋಡಿಲ್ಲ.

ಹಾಗಂತ ನಮ್ಮಲ್ಲಿ ಇಂಥ ಕುಚೇಷ್ಟೆಯ ಶಿಲ್ಪಿಗಳಿಲ್ಲ ಅಂದುಕೊಳ್ಳಬೇಡಿ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ಬಾಯ್ದೆರೆದಿದ್ದ ದೊಡ್ಡ ಗುಂಡಿಯೊಳಗೆ ಬಾದಲ್ ನಂಜುಂಡಸ್ವಾಮಿ ಒಂದು ಮೊಸಳೆಯನ್ನು ತಂದು ಕೂರಿಸಿದರು. ಆಳುದ್ದದ, ನೋಡಿದ್ರೆ ನಿಜ ಅನ್ನಿಸುವ ಮೊಸಳೆ. ಅರ್ಜಿ ಕೊಟ್ಟು ಸುಸ್ತಾಗಿದ್ದ ಆ ಬೀದಿಯವರು ನಕ್ಕರು, ಟಿವಿಯವರು ಓಡಿ ಬಂದರು, ದೇಶವಿದೇಶದ ಪತ್ರಿಕೆಗಳಲ್ಲಿ ಬಂತು, ಪಾಲಿಕೆ ಲಗುಬಗೆಯಿಂದ ಗುಂಡಿ ಮುಚ್ಚಿತು. ಇವರು ನಮ್ಮ ಮೈಸೂರಿನ ಕಾವಾದಲ್ಲಿ ಕಲಿತವರು. 14ನೇ ಬೀದಿಯ ಮೊಸಳೆ ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಹಣದ ಚೀಲದವನನ್ನೂ ನಿಜವಾಗಿ ಕಚ್ಚಿಲ್ಲ. ನಮ್ಮ ಸುಲ್ತಾನ್‌ಪಾಳ್ಯದ ಮೊಸಳೆ ಕೆಲವೇ ದಿನದಲ್ಲಿ ಒಂದು ಗುಂಡಿ ಮುಚ್ಚಿಸಿತು. ಯಾವುದು ದೊಡ್ಡ ಕಲಾಕೃತಿ ಅಂತ ನೀವೇ ಹೇಳಿ :-)

ಗುಂಡಿ ಮುಚ್ಚಿತು, ಮೊಸಳೆ ಹೋಯ್ತು. ನಮ್ಮ ಮೆಟ್ರೋದ ಪೀಣ್ಯ, ಕಬ್ಬನ್ ಪಾರ್ಕ್ ನಿಲ್ದಾಣಗಳಲ್ಲಿ ಸೃಷ್ಟಿ ಸಂಸ್ಥೆಯ ಹುಡುಗ ಹುಡುಗಿಯರು ಗೋಡೆಗಳ ಮೇಲೆ ಒಳ್ಳೇ ಕೆಲಸ ಮಾಡಿದ್ದಾರೆ, ಅಂದ್ರೆ ಮನಸ್ಸು ಮಾಡಿದ್ರೆ ಜಾಗ ಸಿಗುತ್ತೆ ಅಂತಾಯ್ತು. ಮುಂದೆ ಯಾವುದಾದರೂ ಪ್ರತಿಮೆಗೆ ಟನ್‌ಗಟ್ಟಲೆ ಕಂಚು ತೂಗುವಾಗ ಒಂದು ಮೊಸಳೆಗಾಗುವಷ್ಟನ್ನು ಪಕ್ಕಕ್ಕೆ ತೆಗೆದಿಡಿ ಅಂತ ಅರ್ಜಿ ಬರೀತಾ ಇದ್ದೀನಿ. ಯಾವುದಾದರೂ ನಿಲ್ದಾಣದ ಮೆಟ್ಟಿಲ ಕೆಳಗೆ, ಪೀಠ ಬೇಡ, ಬೇಲಿ ಬೇಡ, ಉದ್ಘಾಟನೆಯ ಫಲಕ ಅಂತೂ ಬೇಡವೇ ಬೇಡ. ಬಾಯಲ್ಲಿ ಯಾರನ್ನು ಕಚ್ಚಿಕೊಂಡಿರಬೇಕು ಅನ್ನೋದನ್ನು ಬಾದಲ್ ಅವರಿಗೇ ಬಿಡೋಣ. ಸಹಿ ಹಾಕುವವರು ಕೆಳಗೆ ಕಾಮೆಂಟಿನಲ್ಲಿ ಹೆಸರು ಬರೆಯಿರಿ, "ಗೊಂಬೆ" ಅಂದ ಮಿತ್ರರ ಹೆಸರು ಮೊದಲು ಬರಲಿ ಅಂತ ನನ್ನಾಸೆ.